ಉಕ್ಕಿನ ಮೇಲೆ ಕೋರು: ಮಾವೊರಿ ಕೆತ್ತನೆಯ ಕೈಗಡಿಯಾರಗಳು

(ಬೆಂಗಳೂರಿನಲ್ಲಿ ಗಡಿಯಾರ ಪ್ರಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗಡಿಯಾರದ ಬಗ್ಗೆ ಮಾತು ಅಂದ ಕೂಡಲೇ ಒಳಗಿನ ಯಂತ್ರದ ವಿಷಯ ಬರುತ್ತದೆ. ನಾನು ಇವತ್ತು ಅದರ ಮೈ ಬಗ್ಗೆ ಮಾತಾಡುತ್ತೇನೆ. ಅಂದರೆ ಕೇಸ್, ಗಾಜಿನ ಸುತ್ತಲಿನ ಬಳೆ, ಪಟ್ಟಿ ಸಿಕ್ಕಿಸುವ ಕಿವಿಗಳು, ಹಿಂದಿನ ಮುಚ್ಚಳ. ಇವುಗಳ ಮೇಲೆ ಕೈಯಲ್ಲೇ ಉಳಿ ಹಿಡಿದು, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ವಿನ್ಯಾಸ ಕೆತ್ತಿದ ಗಡಿಯಾರಗಳ ಫೋಟೊ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಸುರುಳಿ ಸುರುಳಿಯಾಗಿ ಹಬ್ಬಿದ ಗೆರೆಗಳು, ನಡುವೆ ಸಾಲಾಗಿ ಹಲ್ಲಿನಂಥ ಕಚ್ಚುಗಳು. ನೋಡಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಎಷ್ಟು ಚೆನ್ನಾಗಿದೆ. ಇನ್ನೊಂದು, ನನಗೂ ಒಂದು ಬೇಕು.

ನಾನು ಬೆಳ್ಳಿ ಕೆತ್ತನೆಯ ಕಸುಬಿನವನು. ಕುಂಕುಮ ಭರಣಿ, ಆರತಿ ತಟ್ಟೆ, ದೇವರ ಪ್ರಭಾವಳಿ, ಇವು ನನ್ನ ದಿನದ ಕೆಲಸ. ಗಡಿಯಾರದ ಕೇಸ್ ಆಮೇಲೆ ಬಂತು. ಹಾಗಾಗಿ ಒಂದು ವಿನ್ಯಾಸ ನೋಡಿದಾಗ ಇದನ್ನು ಉಳಿ ಒಪ್ಪುತ್ತದಾ, ಇಲ್ಲವಾ ಎಂದು ಮೊದಲು ಕೈ ಕೇಳುತ್ತದೆ. ಎಷ್ಟೋ ಸುಂದರ ಚಿತ್ರಗಳು ಲೋಹದ ಮೇಲೆ ಸತ್ತುಹೋಗುತ್ತವೆ. ಕುಂಚದಲ್ಲಿ ಹುಟ್ಟಿದ ಗೆರೆ ಉಳಿಯಲ್ಲಿ ಒರಟಾಗುತ್ತದೆ. ಮಾವೊರಿ ವಿನ್ಯಾಸಕ್ಕೆ ಹಾಗಾಗುವುದಿಲ್ಲ. ಅದು ಉಕ್ಕಿನ ಮೇಲೆ ಹುಟ್ಟಿದ್ದೇನೋ ಎಂಬಂತೆ ಕೂರುತ್ತದೆ. ಯಾಕೆಂದರೆ ಅದು ಮೊದಲಿಂದಲೂ ಕೊರೆದೇ ಮಾಡುತ್ತಿದ್ದ ವಿನ್ಯಾಸ. ಮರವಿರಲಿ, ಮೂಳೆಯಿರಲಿ, ಹಸಿರು ಕಲ್ಲಿರಲಿ, ಕೊನೆಗೆ ಮನುಷ್ಯನ ಮುಖವೇ ಇರಲಿ, ಎಲ್ಲ ಕಡೆಯೂ ಅದು ಕೊರೆದ ತೋಡು.

ಮುಖದಿಂದಲೇ ಶುರು ಮಾಡೋಣ. ಮಾವೊರಿಗಳು ಮುಖದ ಮೇಲೆ ಹಾಕಿಸಿಕೊಳ್ಳುವ ಟಾ ಮೊಕೊ, ಚಿಕ್ಕದಾಗಿ ಮೊಕೊ, ಬರೀ ಹಚ್ಚೆ ಅಲ್ಲ. ನಮ್ಮಲ್ಲಿ ಹಚ್ಚೆ ಅಂದರೆ ಸೂಜಿ ಚುಚ್ಚಿ ಬಣ್ಣ ಇಳಿಸುವುದು. ಮೇಲ್ಮೈ ನುಣುಪಾಗಿಯೇ ಉಳಿಯುತ್ತದೆ. ಹಳೆಯ ಮೊಕೊ ಹಾಗಲ್ಲ. ಊಹಿ ಎಂಬ ಪುಟ್ಟ ಉಳಿ ಇರುತ್ತಿತ್ತು, ಹೆಚ್ಚಾಗಿ ಆಲ್ಬಟ್ರಾಸ್ ಹಕ್ಕಿಯ ಮೂಳೆಯದ್ದು. ಅದನ್ನು ಚರ್ಮದ ಮೇಲಿಟ್ಟು ಮೇಲಿಂದ ತಟ್ಟಿ ತೋಡು ಕೊರೆಯುತ್ತಿದ್ದರು. ಆಮೇಲೆ ಹಲ್ಲಿರುವ ಇನ್ನೊಂದು ಉಳಿಯಿಂದ ಮಸಿ ತುಂಬುತ್ತಿದ್ದರು. ಗಾಯ ಮಾಗಿದ ಮೇಲೆ ಮುಖದಲ್ಲಿ ಬೆರಳಾಡಿಸಿದರೆ ಹಳ್ಳ ದಿಣ್ಣೆ ಸಿಗುತ್ತಿತ್ತು. ಬಿಸಿಲು ಬಿದ್ದಾಗ ಆ ತೋಡುಗಳಿಗೆ ನೆರಳು ಬರುತ್ತಿತ್ತು. ಗಡಿಯಾರ ಕೆತ್ತುವವನೂ ಮಾಡುವುದು ಇದನ್ನೇ. ಮೊದಲು ತೋಡು, ಆಮೇಲೆ ಬೇಕಾದ ಕಡೆ ಅದರೊಳಗೆ ಕಪ್ಪು.

ಇನ್ನು ಆ ತೋಡುಗಳ ಅರ್ಥ. ತೆ ಪೆಹಿ ಕುಪೆ ಎಂಬ ಮಾವೊರಿ ಮುಖಂಡ 1824ರ ಹೊತ್ತಿಗೆ ಇಂಗ್ಲೆಂಡಿಗೆ ಹೋಗಿದ್ದ. ಲಿವರ್‌ಪೂಲಿನಲ್ಲಿ ಒಬ್ಬ ವೈದ್ಯರ ಆರೈಕೆಯಲ್ಲಿದ್ದಾಗ ಪೆನ್ನು ಹಿಡಿದು ತನ್ನ ಮುಖದ ಮೊಕೊವನ್ನು ಕಾಗದದ ಮೇಲೆ ಬರೆದುಕೊಟ್ಟ. ಅದೂ ಕನ್ನಡಿ ನೋಡದೆ. ಒಂದೊಂದು ಗೆರೆಯೂ ಅವನಿಗೆ ಬಾಯಿಪಾಠ. ಬರೀ ತನ್ನದಲ್ಲ, ಮನೆಯವರ ಮುಖದ ಮೊಕೊಗಳನ್ನೂ ನೆನಪಿನಿಂದಲೇ ಬರೆದ. ಯುರೋಪಿನವನು ಪೆನ್ನಿನಲ್ಲಿ ಹೆಸರು ಬರೆಯುತ್ತಾನೆ, ನನ್ನ ಹೆಸರು ಇಲ್ಲಿದೆ ಎಂದು ತನ್ನ ಹಣೆ ತೋರಿಸಿದನಂತೆ. ಆ ಚಿತ್ರ 1830ರಲ್ಲಿ ಅಚ್ಚಾಯಿತು, ಇವತ್ತಿಗೂ ನೋಡಲು ಸಿಗುತ್ತದೆ.

ಇದು ಮಾತಿನ ಚಮತ್ಕಾರವಲ್ಲ. 1840ರ ಫೆಬ್ರುವರಿ 6ರಂದು ನ್ಯೂಜಿಲೆಂಡಿನ ವೈಟಂಗಿಯಲ್ಲಿ ಮಾವೊರಿ ಮುಖಂಡರಿಗೂ ಬ್ರಿಟಿಷ್ ಆಡಳಿತಕ್ಕೂ ಒಪ್ಪಂದವಾಯಿತು. ಆ ವರ್ಷ ಮುಗಿಯುವುದರೊಳಗೆ ಬೇರೆ ಬೇರೆ ಊರುಗಳಲ್ಲಿ 500ಕ್ಕೂ ಹೆಚ್ಚು ಮುಖಂಡರು ಅದಕ್ಕೆ ಸಹಿ ಹಾಕಿದರು. ಅವರಲ್ಲಿ ಕೆಲವರು ಸಹಿಯಾಗಿ ಬರೆದದ್ದು ತಮ್ಮ ಮೊಕೊದ ಒಂದು ತುಣುಕು. ಒಂದು ಸುರುಳಿ, ಎರಡು ಗೆರೆ. ಅದೇ ಅವರ ರುಜು. ಅಪ್ಪನ ವಂಶ, ಅಮ್ಮನ ವಂಶ, ಬುಡಕಟ್ಟು, ಸ್ಥಾನಮಾನ, ಎಲ್ಲವನ್ನೂ ಹೊತ್ತ ಗೆರೆಗಳು ಅವು. ಈ ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮರದ ಕೆತ್ತನೆಗೆ ಬರೋಣ. ಅದಕ್ಕೆ ಫಕೈರೊ ಅನ್ನುತ್ತಾರೆ. ಊರಿನ ಸಭಾಮನೆಯ ಕಂಬ, ತೊಲೆ, ದೋಣಿಯ ಮೂತಿ, ಆಯುಧದ ಹಿಡಿ, ಎಲ್ಲೆಲ್ಲೂ ಕೆತ್ತನೆ. ದೊಡ್ಡ ಕೆಲಸಕ್ಕೆ ಟೋಟರಾ ಮರ. ಕಬ್ಬಿಣ ಬರುವ ಮೊದಲು ಪೊನಾಮು ಎಂಬ ಹಸಿರು ಕಲ್ಲಿನಲ್ಲೇ ಬಾಚಿ, ಉಳಿ ಮಾಡಿಕೊಳ್ಳುತ್ತಿದ್ದರು. ಪೊನಾಮು ಸಿಗುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಹೆಚ್ಚಾಗಿ ಅದರ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ. 1997ರ ಒಂದು ಕಾನೂನಿನ ಮೂಲಕ ಅದರ ಒಡೆತನ ಙಾಯ್ ತಾಹು ಬುಡಕಟ್ಟಿಗೆ ಮರಳಿತು.

ಮಾವೊರಿ ಕೆತ್ತನೆಯ ವ್ಯಾಕರಣದಲ್ಲಿ ನನಗೆ ತುಂಬ ಇಷ್ಟವಾದದ್ದು ರೌಪೊಂಗಾ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲು ಒತ್ತೊತ್ತಾಗಿ ಸಮಾನಾಂತರ ತೋಡುಗಳನ್ನು ಕೊರೆಯುತ್ತಾರೆ. ಇದು ಹೈಹೈ. ಆ ತೋಡುಗಳ ನಡುವೆ ಏಣುಗಳು ಉಳಿಯುತ್ತವಲ್ಲ, ಅವುಗಳಲ್ಲಿ ಒಂದು ಏಣಿನ ಮೇಲೆ ಅಡ್ಡಡ್ಡ ಕಚ್ಚು ಹಾಕುತ್ತಾ ಹೋಗುತ್ತಾರೆ. ನಾಯಿಯ ಹಲ್ಲಿನ ಸಾಲಿನ ಥರ ಕಾಣುತ್ತದೆ. ಇದು ಪಾಕಟಿ. ನಯವಾದ ಏಣು, ಹಲ್ಲಿನ ಸಾಲು, ಮತ್ತೆ ನಯವಾದ ಏಣು. ಇದೇ ಪಟ್ಟಿ ಬಾಗುತ್ತಾ, ಸುತ್ತುತ್ತಾ ಸುರುಳಿಯಾಗುತ್ತದೆ. ನಯ ಇದ್ದ ಕಡೆ ಬೆಳಕು ಹರಿಯುತ್ತದೆ, ಹಲ್ಲು ಇದ್ದ ಕಡೆ ಬೆಳಕು ಒಡೆಯುತ್ತದೆ. ಇದನ್ನು ಉಕ್ಕಿನ ಮೇಲೆ ಮಾಡಿದಾಗ ಏನಾಗುತ್ತದೆ ಗೊತ್ತಾ? ಮಣಿಕಟ್ಟು ಸ್ವಲ್ಪ ತಿರುಗಿದರೂ ಸಾಕು, ಹಲ್ಲುಗಳ ಮೇಲೆ ಬೆಳಕು ಒಂದರಿಂದ ಇನ್ನೊಂದಕ್ಕೆ ಓಡುತ್ತದೆ. ಬಣ್ಣ ಇಲ್ಲ, ಹರಳು ಇಲ್ಲ. ಬರೀ ಕೋನ. ನನಗೆ ಈ ಗಡಿಯಾರಗಳ ದೊಡ್ಡ ಸೆಳೆತ ಇದೇ. ಇದು ಫೋಟೊದಲ್ಲಿ ಅರ್ಧವೂ ಬರುವುದಿಲ್ಲ.

ಕೋರು ನಿಮಗೆಲ್ಲ ಗೊತ್ತಿರಬಹುದು. ಜರೀಗಿಡದ ಚಿಗುರು ಬಿಚ್ಚಿಕೊಳ್ಳುವ ಮೊದಲು ಸುರುಳಿ ಸುತ್ತಿಕೊಂಡಿರುತ್ತದಲ್ಲ, ಆ ಆಕಾರ. ಏರ್ ನ್ಯೂಜಿಲೆಂಡ್ ವಿಮಾನದ ಬಾಲದ ಮೇಲೆ ಇರುವುದೂ ಅದೇ. ಇದಲ್ಲದೆ ಸುತ್ತಿಗೆ ತಲೆಯ ಶಾರ್ಕಿನಿಂದ ಬಂದ ಮಂಗೊಪರೆ ಇದೆ, ಮೀನಿನ ಹುರುಪೆಯ ಉನೌನಹಿ ಇದೆ. ಗಡಿಯಾರದ ಬಳೆಯಂಥ ಕಿರಿದಾದ ಜಾಗಕ್ಕೆ ಉನೌನಹಿ ಚೆನ್ನಾಗಿ ಹೊಂದುತ್ತದೆ. ಒಂದೇ ಹುರುಪೆ ಮತ್ತೆ ಮತ್ತೆ ಬರುತ್ತಾ ಸುತ್ತು ಮುಗಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮರ, ಮೂಳೆಯಲ್ಲಿ ಇದ್ದ ಕಲೆಯನ್ನು ಸ್ಟೀಲ್ ಗಡಿಯಾರದ ಮೇಲೆ ಹಾಕಿದರೆ ಅದು ಸಂಪ್ರದಾಯ ಹೇಗಾಗುತ್ತದೆ ಎಂದು. ವೆಲಿಂಗ್ಟನ್‌ನ ತೆ ಪಾಪಾ ಮ್ಯೂಸಿಯಂನಲ್ಲಿ ತೆ ಹೌ ಕಿ ತೂರಂಗಾ ಎಂಬ ಸಭಾಮನೆ ಇದೆ. 1840ರ ದಶಕದಲ್ಲಿ ರಹರುಹಿ ರುಕುಪೊ ಎಂಬ ಮಹಾ ಕೆತ್ತನೆಗಾರ ತನ್ನ ಜೊತೆಗಾರರೊಡನೆ ಕೆತ್ತಿದ್ದು. ಅವರು ಬಳಸಿದ್ದು ಆಗಷ್ಟೇ ಕೈಗೆ ಬಂದಿದ್ದ ಲೋಹದ ಉಳಿಗಳು. ಹೊಸ ಉಳಿ ಬಂತೆಂದು ವಿನ್ಯಾಸ ಕೆಡಲಿಲ್ಲ. ಗೆರೆ ಇನ್ನೂ ಚೂಪಾಯಿತು, ಕೆತ್ತನೆ ಇನ್ನೂ ದಟ್ಟವಾಯಿತು. ಆ ಮನೆಯನ್ನು 1867ರಲ್ಲಿ ಸರ್ಕಾರ ರುಕುಪೊನ ಜನರ ಕೈಯಿಂದ ಕಿತ್ತುಕೊಂಡಿತು ಎಂಬುದನ್ನೂ ಹೇಳಲೇಬೇಕು. ಅದನ್ನು ನೋಡಿ ಬೆರಗಾಗುವ ನಮಗೆ ಆ ನೋವೂ ಗೊತ್ತಿರಬೇಕು. ಅದೇನೇ ಇರಲಿ, ಉಕ್ಕಿನೊಡನೆ ಈ ಕಲೆಗಿರುವ ನಂಟು ನಿನ್ನೆ ಮೊನ್ನೆಯದಲ್ಲ. ಅವತ್ತು ಉಕ್ಕು ಕೊರೆಯುವ ಕಡೆ ಇತ್ತು, ಇವತ್ತು ಕೊರೆಸಿಕೊಳ್ಳುವ ಕಡೆ ಇದೆ.

ಕಲೆ ಉಳಿದದ್ದು ಸುಮ್ನೆ ಅಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕೆತ್ತನೆ ಬಲ್ಲವರು ಕಡಿಮೆಯಾಗುತ್ತಾ ಬಂದಿದ್ದರು. ಅಪಿರಾನಾ ಙಾಟಾ ಎಂಬ ಮಾವೊರಿ ರಾಜಕಾರಣಿ ಹಟ ಹಿಡಿದು 1927ರಲ್ಲಿ ರೋಟೊರುವಾದಲ್ಲಿ ಕಲಾ ಶಾಲೆ ತೆರೆಸಿದರು. ಇವತ್ತು ನ್ಯೂಜಿಲೆಂಡ್‌ನ 50 ಡಾಲರ್ ನೋಟಿನ ಮೇಲೆ ಇರುವ ಮುಖ ಅವರದ್ದೇ. ಅಲ್ಲಿ ಪೈನ್ ಟೈಯಾಪಾ, ಹೋನೆ ಟೈಯಾಪಾ ಎಂಬ ಅಣ್ಣ ತಮ್ಮ ಪಳಗಿದರು. 1967ರಲ್ಲಿ ಅದೇ ಊರಿನಲ್ಲಿ ಹೊಸ ಕೆತ್ತನೆ ಶಾಲೆ ಶುರುವಾದಾಗ ಹೋನೆ ಅದರ ಮುಖ್ಯಸ್ಥರಾದರು. ಇವತ್ತು ಅದು ಆ ಊರಿನ ತೆ ಪುಯಿಯಾ ಎಂಬ ಪ್ರವಾಸಿ ತಾಣದಲ್ಲಿದೆ. ಪ್ರವಾಸಕ್ಕೆ ಹೋದವರು ಬಿಸಿನೀರಿನ ಬುಗ್ಗೆ ನೋಡಿ ಬಂದುಬಿಡುತ್ತಾರೆ. ದಯವಿಟ್ಟು ಶಾಲೆಯನ್ನೂ ನೋಡಿ.

ಸರಿ, ಈಗ ಬೆಂಚಿನ ಮುಂದೆ ಬನ್ನಿ.

ಗಡಿಯಾರ ಕೆತ್ತುವ ಮೊದಲು ಅದನ್ನು ಪೂರ್ತಿ ಬಿಚ್ಚಬೇಕು. ಯಂತ್ರ, ಡಯಲ್, ಮುಳ್ಳು, ಗಾಜು, ರಬ್ಬರ್ ರಿಂಗು, ಎಲ್ಲ ಹೊರಗೆ. ಉಕ್ಕಿನ ಒಂದು ಚೂರು ಯಂತ್ರದೊಳಗೆ ಹೋದರೂ ಗಡಿಯಾರ ನಿಲ್ಲಬಹುದು. ಖಾಲಿ ಕೇಸನ್ನು ಅರಗಿನ ಥರದ ಅಂಟಿನಲ್ಲಿ ಕೂರಿಸಿ ಬಾಲ್ ವೈಸಿಗೆ ಬಿಗಿಯುತ್ತೇವೆ. ವೈಸ್ ಅಂದರೆ ತುಂಡನ್ನು ಬಿಗಿಹಿಡಿಯುವ ಸಾಧನ, ಇದು ದುಂಡನೆಯ ಭಾರದ್ದು. ಬೆರಳಲ್ಲಿ ದೂಡಿದರೂ ತಿರುಗುತ್ತದೆ. ಸುರುಳಿ ಕೊರೆಯುವಾಗ ಉಳಿ ಹಿಡಿದ ಕೈ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ತಿರುಗುವುದು ಕೆಲಸದ ತುಂಡು. ಎಡಗೈ ವೈಸನ್ನು ತಿರುಗಿಸುತ್ತದೆ, ಬಲಗೈ ಒತ್ತಡ ಕೊಡುತ್ತದೆ. ಕೋರುವಿನ ಬಾಗು ಈ ಚಲನೆಗೆ ಹೇಳಿ ಮಾಡಿಸಿದಂತಿದೆ. ಕಾಂಡದಿಂದ ಶುರುವಾದ ಗೆರೆ ತಿರುಗುತ್ತಾ ಬಿಗಿಯಾಗಿ, ತುದಿಯ ಗುಂಡು ಮೊಗ್ಗಿನ ಹತ್ತಿರ ನಿಲ್ಲಬೇಕು. ಅಲ್ಲಿ ಒತ್ತಡ ಇಳಿಸುವುದು ಒಂದು ಕ್ಷಣ ತಡವಾದರೆ ಉಳಿ ಜಾರಿ ಮೊಗ್ಗನ್ನು ಸೀಳಿಬಿಡುತ್ತದೆ.

ಕೇಸಿನ ಉಕ್ಕು ಸಾಮಾನ್ಯವಾಗಿ 316ಎಲ್ ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲ್. ಬೆಳ್ಳಿಯ ಮುಂದೆ ಇದು ಬಲು ಹಟಮಾರಿ. ಬೆಳ್ಳಿ ಉಳಿಗೆ ದಾರಿ ಬಿಡುತ್ತದೆ. ಈ ಉಕ್ಕು ಉಜ್ಜಿಸಿಕೊಂಡಷ್ಟೂ ಗಟ್ಟಿಯಾಗುತ್ತದೆ. ಮೊನೆ ಸ್ವಲ್ಪ ಮೊಂಡಾಗಿ ಕೊರೆಯುವ ಬದಲು ಉಜ್ಜಿದರೆ ಸಾಕು, ಆ ಜಾಗ ಇನ್ನೂ ಗಡುಸಾಗಿ ಮೊನೆ ಮುರಿಯುತ್ತದೆ. ಅದಕ್ಕೇ ಕಾರ್ಬೈಡ್ ಎಂಬ ಬಲು ಗಡುಸು ವಸ್ತುವಿನ ಉಳಿ ಬೇಕು, ಅದನ್ನು ಮತ್ತೆ ಮತ್ತೆ ಸಾಣೆ ಹಿಡಿಯಬೇಕು. ಮೊನೆಯ ಮುಖಗಳು ಕನ್ನಡಿಯಂತೆ ಹೊಳೆಯಬೇಕು, ಆಗಲೇ ಕೊರೆದ ತೋಡಿನ ಗೋಡೆಯೂ ಹೊಳೆಯುತ್ತದೆ. ಈಗ ಗಾಳಿ ಒತ್ತಡದಿಂದ ತಟ್ಟುವ ಹಿಡಿಗಳು ಬಂದಿವೆ, ಸುತ್ತಿಗೆಯ ಕೆಲಸವನ್ನು ಅವೇ ಮಾಡುತ್ತವೆ. ಆದರೆ ಗೆರೆ ಎಲ್ಲಿ ಹೋಗಬೇಕು, ಎಷ್ಟು ಆಳ, ಅದು ಕೈಯದ್ದೇ ಜವಾಬ್ದಾರಿ. ಆಳಕ್ಕೂ ಮಿತಿ ಇದೆ. ಸಾದಾ ಗೆರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು, ಅಷ್ಟೇ. ರಬ್ಬರ್ ರಿಂಗು ಕೂರುವ ಅಂಚಿನ ಹತ್ತಿರವಂತೂ ಉಳಿ ಹೋಗಲೇಬಾರದು. ಹೋದರೆ ಗಡಿಯಾರಕ್ಕೆ ನೀರು ಇಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಗಡಿಯಾರದ ಒಂದು ಬದಿಗೆ ಕೀಲಿ ತಿರುಪು ಇರುತ್ತದೆ. ಎಡ ಬಲ ಎರಡೂ ಕಡೆ ಒಂದೇ ವಿನ್ಯಾಸ ಹಾಕಲು ಹೋದರೆ ಅಲ್ಲಿ ತುಂಡಾಗುತ್ತದೆ. ಮಾವೊರಿ ವಿನ್ಯಾಸ ಇಲ್ಲಿ ಕೈ ಹಿಡಿಯುತ್ತದೆ. ಮೊದಲ ನೋಟಕ್ಕೆ ಎರಡು ಬದಿ ಒಂದೇ ಅನಿಸುತ್ತದೆ, ಹತ್ತಿರ ಹೋದರೆ ಬೇರೆ ಬೇರೆ. ಸಭಾಮನೆಯ ತೊಲೆಯಲ್ಲೂ ಮುಖದ ಮೊಕೊದಲ್ಲೂ ಹೀಗೆ ಬೇಕೆಂದೇ ಮಾಡಿದ ವ್ಯತ್ಯಾಸ ಸಿಗುತ್ತದೆ. ಹಾಗಾಗಿ ತಿರುಪಿನ ಕಡೆ ಬೇರೆ ತಿರುವು ಕೊಟ್ಟರೂ ಒಟ್ಟು ತೂಕ ತಪ್ಪುವುದಿಲ್ಲ.

ಮಾವೊರಿ ಕೆತ್ತನೆಗಾರರಲ್ಲಿ ಒಂದು ಹಳೆಯ ನಿಯಮ ಇದೆ. ಕೆತ್ತುವಾಗ ಬಿದ್ದ ಚೂರನ್ನು ಬಾಯಿಂದ ಊದಬಾರದು. ಆ ಚೂರುಗಳನ್ನು ಅಡುಗೆ ಒಲೆಗೂ ಹಾಕಬಾರದು. ಕೆಲಸ ಪವಿತ್ರ, ಅದರ ಚೂರೂ ಪವಿತ್ರ. ಉಫ್ ಅಂತ ಊದುವುದು ನಮ್ಮ ಕಸುಬಿನಲ್ಲಿ ಉಸಿರಾಟದಷ್ಟೇ ಸಹಜ. ಇದು ಗೊತ್ತಾದ ಮೇಲೆ ಈ ಕೆಲಸ ಮಾಡುವಾಗ ನಾನು ಪುಟ್ಟ ಬ್ರಶ್ ಇಟ್ಟುಕೊಂಡಿದ್ದೇನೆ. ಕೆಲಸ ನಿಧಾನವಾಗುತ್ತದೆ, ಹೌದು. ಆದರೆ ಪ್ರತಿ ಸಲ ಬ್ರಶ್ ಎತ್ತಿಕೊಳ್ಳುವಾಗ ಗೆರೆಯನ್ನು ಇನ್ನೊಮ್ಮೆ ನೋಡುವಂತಾಗುತ್ತದೆ.

ಕೈಕೆತ್ತನೆ ಎಂದು ಹೇಳಿ ಲೇಸರ್ ಕೆಲಸ ಮಾರುವವರೂ ಇದ್ದಾರೆ. ಗುರುತಿಸುವುದು ಕಷ್ಟವಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಸಾಕು. ಲೇಸರ್ ಗೆರೆಯ ತಳ ಮಂಕಾಗಿ, ಸಣ್ಣ ಸಣ್ಣ ಗುಳಿಗಳಿಂದ ತುಂಬಿರುತ್ತದೆ. ಅಗಲ ಮೊದಲಿಂದ ಕೊನೆವರೆಗೂ ಒಂದೇ. ಕೈಯ ಗೆರೆ ತೆಳ್ಳಗೆ ಒಳಹೊಕ್ಕು, ನಡುವೆ ಉಬ್ಬಿ, ಮತ್ತೆ ತೆಳ್ಳಗಾಗಿ ಹೊರಬರುತ್ತದೆ. ಗೋಡೆ ಹೊಳೆಯುತ್ತದೆ. ಪಾಕಟಿಯ ಹಲ್ಲುಗಳನ್ನು ಸಾಲಾಗಿ ನೋಡಿ. ಎಲ್ಲವೂ ಹತ್ತಿರ ಹತ್ತಿರ ಒಂದೇ ಅಳತೆ, ಆದರೆ ಯಾವುದೂ ಇನ್ನೊಂದರ ನಕಲು ಅಲ್ಲ. ಒಂದು ಮಾತು: ಹಳೆಯ ಕಡಿಮೆ ಬೆಲೆಯ ಗಡಿಯಾರಗಳ ಕೇಸ್ ಎಷ್ಟೋ ಸಲ ಕ್ರೋಮ್ ಲೇಪನದ ಹಿತ್ತಾಳೆ. ಅಪ್ಪನ ಗಡಿಯಾರ ಕೆತ್ತಿಸುತ್ತೇನೆ ಎಂದು ತರುವವರಿಗೆ ನಾನು ಬೇಡ ಅನ್ನುತ್ತೇನೆ. ಲೇಪನ ಎದ್ದುಬರುತ್ತದೆ, ಬೆವರಿಗೆ ಕಪ್ಪಾಗುತ್ತದೆ.

ಈಗ ನಿಜವಾಗಿ ಮುಖ್ಯವಾದ ವಿಷಯ. ಈ ವಿನ್ಯಾಸ ಯಾರದ್ದು?

ಮೊಕೊ ಅಂದರೆ ಹೆಸರು, ರುಜು, ವಂಶ ಎಂದೆ. ಹಾಗಿದ್ದ ಮೇಲೆ ಯಾರದ್ದೋ ಮೊಕೊವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಮುಚ್ಚಳದ ಮೇಲೆ ಕೆತ್ತುವುದು ಏನು? ಇನ್ನೊಬ್ಬರ ಸಹಿ ಹಾಕಿದಂತೆ. ಅದಕ್ಕಿಂತಲೂ ಕೆಟ್ಟದ್ದು ಮುಖವನ್ನೇ ಕೆತ್ತುವುದು. ಮಾವೊರಿಗಳಿಗೆ ತಲೆ ದೇಹದ ಅತ್ಯಂತ ಪವಿತ್ರ ಭಾಗ. ಹತ್ತೊಂಬತ್ತನೇ ಶತಮಾನದಲ್ಲಿ ಮೊಕೊ ಇರುವ ತಲೆಗಳನ್ನೇ ಒಣಗಿಸಿ ಯುರೋಪಿಗೆ ಮಾರುವ ಭಯಾನಕ ವ್ಯಾಪಾರ ನಡೆದಿತ್ತು. ಸಿಡ್ನಿಯಲ್ಲಿದ್ದ ನ್ಯೂ ಸೌತ್ ವೇಲ್ಸ್ ಗವರ್ನರ್ 1831ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಆ ತಲೆಗಳನ್ನು ಮ್ಯೂಸಿಯಂಗಳಿಂದ ಮನೆಗೆ ಕರೆತರುವ ಕೆಲಸವನ್ನು ತೆ ಪಾಪಾ 2003ರಿಂದ ಮಾಡುತ್ತಿದೆ. 2012ರಲ್ಲಿ ಫ್ರಾನ್ಸ್ ಒಟ್ಟಿಗೆ 20 ತಲೆಗಳನ್ನು ಹಿಂದಿರುಗಿಸಿತು. ಇದು ಗೊತ್ತಿದ್ದೂ ಮೊಕೊ ಇರುವ ಮುಖವನ್ನು ಅಲಂಕಾರಕ್ಕೆಂದು ಕೆತ್ತಲು ನನಗೆ ಕೈ ಬರುವುದಿಲ್ಲ. ಕೇಳಿದವರಿಗೆ ಇಲ್ಲ ಎಂದಿದ್ದೇನೆ, ಮುಂದೆಯೂ ಇಲ್ಲ ಅನ್ನುತ್ತೇನೆ.

ಹಾಗಂತ ಹೊರಗಿನವರಿಗೆ ಬಾಗಿಲು ಮುಚ್ಚಿಲ್ಲ. ಹಚ್ಚೆಯ ಲೋಕದಲ್ಲಿ ಕಿರಿತುಹಿ ಎಂಬ ಒಂದು ದಾರಿ ಮಾಡಿಕೊಂಡಿದ್ದಾರೆ. ಅದೇ ಶೈಲಿ, ಅದೇ ಕೈಚಳಕ, ಆದರೆ ಯಾರ ವಂಶದ ಗುರುತೂ ಅದರಲ್ಲಿಲ್ಲ. ಮಾವೊರಿ ಅಲ್ಲದವರಿಗೂ ಹಾಕುತ್ತಾರೆ. ಗಡಿಯಾರಕ್ಕೂ ಇದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಕಾನೂನಿನ ಕಡೆಯಿಂದಲೂ ಕೆಲಸ ಆಗಿದೆ. 1991ರಲ್ಲಿ ವೈ 262 ಎಂಬ ಅರ್ಜಿ, ಆ 1840ರ ಒಪ್ಪಂದದ ಬಗೆಗಿನ ದೂರುಗಳನ್ನು ವಿಚಾರಿಸುವ ವೈಟಂಗಿ ನ್ಯಾಯಮಂಡಳಿಯ ಮುಂದೆ ಬಂತು. ಮಾವೊರಿ ಜ್ಞಾನ, ಕಲೆ, ಗಿಡಮರಗಳ ಮೇಲೆ ಯಾರಿಗೆ ಹಕ್ಕು ಎಂಬುದೇ ಅದರ ಪ್ರಶ್ನೆ. ವರದಿ ಬಂದಿದ್ದು 2011ರಲ್ಲಿ, ಇಪ್ಪತ್ತು ವರ್ಷಗಳ ಮೇಲೆ. ನಡುವೆ 2002ರ ಟ್ರೇಡ್‌ಮಾರ್ಕ್ ಕಾನೂನು, ಮಾವೊರಿ ಚಿಹ್ನೆ ಇರುವ ಅರ್ಜಿಗಳನ್ನು ಪರಿಶೀಲಿಸಲು ಮಾವೊರಿ ಸಲಹಾ ಸಮಿತಿಯೊಂದನ್ನು ತಂದಿತು. ಅದೇ ವರ್ಷ ಟೊಯ್ ಇಹೊ ಎಂಬ ಗುರುತು ಬಂತು. ಕೆಲಸ ನಿಜವಾಗಿಯೂ ಮಾವೊರಿ ಕಲಾವಿದರದ್ದೇ ಎಂದು ಹೇಳುವ ಮುದ್ರೆ ಅದು.

ಕೆಲವರು ಕೇಳುತ್ತಾರೆ, ಇಷ್ಟೆಲ್ಲ ಯೋಚಿಸಿದರೆ ಖುಷಿಯೇ ಹೋಗುವುದಿಲ್ಲವಾ ಎಂದು. ನನಗೆ ಹಾಗನಿಸಿಲ್ಲ. ಈ ಸುರುಳಿ ಯಾರು ಬರೆದದ್ದು, ಯಾವ ಕರಾವಳಿಯವರು, ಈ ತಿರುವು ಯಾಕೆ, ಇದೆಲ್ಲ ಗೊತ್ತಿರುವ ಗಡಿಯಾರವನ್ನು ನಾನು ಜಾಸ್ತಿ ಹೊತ್ತು ನೋಡುತ್ತೇನೆ. ಗೊತ್ತಿಲ್ಲದ್ದನ್ನು ನೋಡಿ, ಚೆನ್ನಾಗಿದೆ ಎಂದು ಕೆಳಗಿಡುತ್ತೇನೆ.

ಕಾಲದ ಬಗ್ಗೆ ಒಂದು ಮಾತು, ಗಡಿಯಾರದ ಸಭೆ ಅಲ್ವಾ. ಇಡೀ ದೇಶಕ್ಕೆ ಒಂದೇ ಸಮಯ ಎಂದು ಮೊದಲು ಗೊತ್ತುಮಾಡಿದ ದೇಶಗಳಲ್ಲಿ ನ್ಯೂಜಿಲೆಂಡ್ ಒಂದು, 1868ರಲ್ಲೇ. ಮಾವೊರಿಗಳ ಪಂಚಾಂಗ ಬೇರೆ, ಅದರ ಹೆಸರು ಮರಮತಕಾ. ಅದು ಚಂದ್ರನದ್ದು. ನಮ್ಮ ತಿಥಿಗಳಂತೆ ಒಂದೊಂದು ರಾತ್ರಿಗೂ ಒಂದು ಹೆಸರು. ಹುಣ್ಣಿಮೆಯ ರಾತ್ರಿ ರಾಕೌನುಯಿ. ಮೀನು ಹಿಡಿಯಲು, ಗೆಣಸು ನೆಡಲು ಯಾವ ರಾತ್ರಿ ಒಳ್ಳೆಯದು ಎಂದು ಅದು ಹೇಳುತ್ತದೆ. ಅವರ ಹೊಸವರ್ಷ ಶುರುವಾಗುವುದು ಚಳಿಗಾಲದ ಬೆಳಗಿನ ಜಾವದಲ್ಲಿ ಮತಾರಿಕಿ ಕಂಡಾಗ. ಮತಾರಿಕಿ ಅಂದರೆ ನಮ್ಮ ಕೃತ್ತಿಕೆ. 2022ರಿಂದ ಅದು ಆ ದೇಶದಲ್ಲಿ ಸಾರ್ವಜನಿಕ ರಜೆ. ಚಂದ್ರನ ಕಲೆ ತೋರಿಸುವ ಗಡಿಯಾರದ ಮೇಲೆ, ಮಾವೊರಿ ಕಲಾವಿದರೊಬ್ಬರು ಬರೆದ ವಿನ್ಯಾಸದ ನಡುವೆ ಆ ರಾತ್ರಿಗಳ ಹೆಸರು ಕೆತ್ತಿದ್ದನ್ನು ನೋಡಬೇಕೆಂದು ನನಗೆ ತುಂಬ ಆಸೆ. ಗಡಿಯಾರ ಆಗ ವಿನ್ಯಾಸ ಹೊತ್ತ ವಸ್ತುವಷ್ಟೇ ಆಗಿರುವುದಿಲ್ಲ, ಅವರ ಕಾಲವನ್ನೇ ತೋರಿಸುತ್ತದೆ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದರು: “ಸರ್, ನಾನು ಒಂದು ಮಾಡಿಸಿಕೊಳ್ಳಬೇಕು ಅಂದ್ರೆ ಏನು ಮಾಡಲಿ?”

ಮಾಡಿಸಿಕೊಳ್ಳಿ. ಮೊದಲು ಗಟ್ಟಿ ಸ್ಟೀಲ್ ಅಥವಾ ಬೆಳ್ಳಿ ಕೇಸಿನ ಗಡಿಯಾರ ಆರಿಸಿ. ಬಳೆ ಅಗಲವಾಗಿ, ಕಿವಿಗಳು ದಪ್ಪವಾಗಿದ್ದರೆ ಕೆತ್ತನೆಗೆ ಜಾಗ ಸಿಗುತ್ತದೆ. ಕಂಪನಿಯ ವಾರಂಟಿ ಹೋಗುತ್ತದೆ ಎಂದು ತಿಳಿದೇ ಮುಂದುವರಿಯಿರಿ. ಆಮೇಲೆ ಒಬ್ಬ ಮಾವೊರಿ ಕಲಾವಿದರಿಗೆ ಬರೆಯಿರಿ. ನೀವು ಯಾರು, ಯಾವ ಊರು, ಈ ಗಡಿಯಾರ ಯಾರಿಗೆ, ಯಾಕೆ, ಎಲ್ಲ ಹೇಳಿ. ಅವರು ನಿಮಗೆಂದೇ ವಿನ್ಯಾಸ ಬರೆಯಲಿ, ಅದಕ್ಕೆ ಸರಿಯಾದ ಸಂಭಾವನೆ ಕೊಡಿ. ಯಾವ ಆಕಾರ ಬೇಡ ಎಂದು ಅವರು ಹೇಳಿದರೆ ವಾದ ಮಾಡಬೇಡಿ. ಸಾಧ್ಯವಾದರೆ ಕೆತ್ತನೆಯನ್ನೂ ಅಲ್ಲಿಯವರಿಂದಲೇ ಮಾಡಿಸಿ. ಆಗದಿದ್ದರೆ, ಅವರ ಒಪ್ಪಿಗೆ ಪಡೆದು ಇಲ್ಲಿ ನಮ್ಮಂಥವರ ಹತ್ತಿರ ತನ್ನಿ. ರಿಪೇರಿ ಮಾಡುವವರು ಹಿಂದಿನ ಮುಚ್ಚಳದ ಒಳಬದಿಯಲ್ಲಿ ಸರ್ವಿಸ್ ತಾರೀಖು ಗೀಚಿಡುವುದನ್ನು ನೀವು ನೋಡಿರುತ್ತೀರಿ. ಅದೇ ಜಾಗದಲ್ಲಿ ವಿನ್ಯಾಸ ಬರೆದವರ ಹೆಸರು, ಅವರ ಬುಡಕಟ್ಟಿನ ಹೆಸರು, ಕೆತ್ತಿದವರ ಹೆಸರು, ವರ್ಷ, ಇಷ್ಟನ್ನೂ ಕೆತ್ತಿಸಿ. ಅದಕ್ಕೆ ನಾನು ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ.